ಮನೆಯ ವೈರಿಂಗ್, ಮನೆಯ ತಂಪು: ಗಡಿನಾಡಿನ ಸದಸ್ಯರು ತಿಳಿದಿರಬೇಕಾದ ನಿಯಮಗಳು



ಸಂಘಕ್ಕೆ ಬರುವ ಪತ್ರಗಳಲ್ಲಿ ಶಾಲೆ, ಪಠ್ಯಪುಸ್ತಕ, ನಾಮಫಲಕದ ವಿಚಾರವೇ ಹೆಚ್ಚು. ಅವುಗಳ ನಡುವೆ ಮನೆ ಕಟ್ಟಿಸುವವರು, ಹಳೆ ಮನೆ ರಿಪೇರಿ ಮಾಡಿಸುವವರು ಕೇಳುವ ಪ್ರಶ್ನೆಗಳೂ ಇರುತ್ತವೆ. ಚಾಮರಾಜನಗರದಿಂದ ಬರುವ ವೈರ್‌ಮನ್ ತಾಳವಾಡಿಯಲ್ಲಿ ಮನೆ ವೈರಿಂಗ್ ಮಾಡಬಹುದೇ? ಇಂಡಿಯ ಗುತ್ತಿಗೆದಾರರು ಕೊಟ್ಟ ವರದಿಯನ್ನು ಜತ್ತದ ಕಚೇರಿ ಒಪ್ಪುತ್ತದೆಯೇ? ನಿಯಮದ ಪುಸ್ತಕ ಮಲಯಾಳದಲ್ಲೋ ತಮಿಳಿನಲ್ಲೋ ಇದ್ದರೆ ಓದುವುದು ಹೇಗೆ? ಇಂಥ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲವೆಂದು ಈ ಲೇಖನ ಸಿದ್ಧಪಡಿಸಿದ್ದೇವೆ. ಬೇಕೆನಿಸಿದರೆ ಅಚ್ಚು ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.

1. ಕಾನೂನು ಯಾವುದು, ಕಚೇರಿ ಯಾವುದು

ಮೂಲ ಕಾನೂನು ಇಡೀ ದೇಶಕ್ಕೆ ಒಂದೇ: 2003ರ ವಿದ್ಯುತ್ ಕಾಯ್ದೆ. ಅದರ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆಯ ನಿಯಮಾವಳಿಯನ್ನು 2010ರಲ್ಲಿ ಹೊರಡಿಸಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂತು. ಹಿಂದಿನವರು ಹೇಳುತ್ತಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳ ಮುಖ್ಯ ಅಂಶಗಳು ಇದರಲ್ಲೂ ಮುಂದುವರಿದಿವೆ. ವೈರಿಂಗ್ ಹೇಗಿರಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043 ಆಧಾರ.

ಕಾನೂನು ಒಂದೇ ಆದರೂ ಅದನ್ನು ನಡೆಸುವ ಕಚೇರಿ ರಾಜ್ಯಕ್ಕೊಂದು. ಕಾಸರಗೋಡು, ವಯನಾಡಿನವರಿಗೆ ಕೆ.ಎಸ್.ಇ.ಬಿ. ಹೊಸೂರು, ತಾಳವಾಡಿ, ನೀಲಗಿರಿಯವರು ಇಂದಿಗೂ 'ಇ.ಬಿ. ಆಫೀಸು' ಎಂದೇ ಕರೆಯುವ ಸಂಸ್ಥೆಯ ಈಗಿನ ಹೆಸರು ತಮಿಳುನಾಡು ವಿದ್ಯುತ್ ವಿತರಣಾ ನಿಗಮ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಮಹಾವಿತರಣ. ಆದೋನಿ, ರಾಯದುರ್ಗ, ಮಡಕಶಿರಾದವರಿಗೆ ತಿರುಪತಿಯಲ್ಲಿ ಪ್ರಧಾನ ಕಚೇರಿಯಿರುವ ಆಂಧ್ರದ ದಕ್ಷಿಣ ವಿತರಣಾ ಕಂಪನಿ. ತೆಲಂಗಾಣದ ಪಶ್ಚಿಮ ಭಾಗದವರಿಗೆ ಅಲ್ಲಿನ ದಕ್ಷಿಣ ವಿತರಣಾ ಕಂಪನಿ. ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆಯೇ ನೇರವಾಗಿ ಪೂರೈಸುತ್ತದೆ.

2. ನಾವೇ ಮಾಡಬಹುದಾದದ್ದು, ಮಾಡಬಾರದ್ದು

ನಿಯಮ ಇಲ್ಲಿ ಸ್ಪಷ್ಟವಾಗಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟಿನೊಳಗಿನ ಗೃಹೋಪಯೋಗಿ ಸಾಧನ ಇವನ್ನು ಇದ್ದ ಜಾಗದಲ್ಲೇ, ಲೋಡ್ ಹೆಚ್ಚಿಸದೆ ಬದಲಾಯಿಸುವುದಕ್ಕೆ ಪರವಾನಗಿ ಬೇಡ. ಅದನ್ನು ಬಿಟ್ಟು ಹೊಸ ಪಾಯಿಂಟ್ ಹಾಕುವುದು, ಲೈನ್ ಎಳೆಯುವುದು, ಬೋರ್ಡ್ ಸ್ಥಳಾಂತರಿಸುವುದು, ಗೀಸರ್ ಅಥವಾ ಎ.ಸಿ.ಗೆ ಬೇರೆ ಲೈನ್ ಕೊಡುವುದು, ವೈರಿಂಗ್ ರಿಪೇರಿ, ಇವೆಲ್ಲವನ್ನೂ ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಿಸಬೇಕು. ಅರ್ಹತಾ ಪ್ರಮಾಣಪತ್ರ ಇರುವ ಮೇಲ್ವಿಚಾರಕರು ನೇರವಾಗಿ ನೋಡಿಕೊಳ್ಳಬೇಕು. ಕೈಯಿಂದ ಕೆಲಸ ಮಾಡುವ ವೈರ್‌ಮನ್‌ಗೂ ಪರವಾನಗಿ ಚೀಟಿ ಇರಬೇಕು.

"ನಮ್ಮ ಹುಡುಗ ಐಟಿಐ ಓದಿದ್ದಾನೆ, ಅವನೇ ಮಾಡುತ್ತಾನೆ" ಎಂದು ಹಲವರು ಹೇಳುತ್ತಾರೆ. ಓದು ಇರುವುದು ಒಳ್ಳೆಯದೇ. ಆದರೆ ಐಟಿಐ ಪ್ರಮಾಣಪತ್ರ ಬೇರೆ, ವೈರ್‌ಮನ್ ಪರವಾನಗಿ ಬೇರೆ. ಓದು ಮುಗಿಸಿದ ಹುಡುಗರು ಪರವಾನಗಿಯನ್ನೂ ಪಡೆದುಕೊಂಡರೆ ನಮ್ಮ ಊರುಗಳಲ್ಲಿ ಕೆಲಸಕ್ಕೆ ಕೊರತೆಯಿಲ್ಲ.

3. ಗಡಿಯಾಚೆಯ ವೈರ್‌ಮನ್

ಗಡಿ ಊರುಗಳಲ್ಲಿ ಕೆಲಸದವರು ಬರುವುದು ಹತ್ತಿರದ ಪೇಟೆಯಿಂದ. ಆ ಪೇಟೆ ಯಾವ ರಾಜ್ಯದ್ದೆಂದು ಯಾರೂ ಕೇಳುವುದಿಲ್ಲ. ವಿದ್ಯುತ್ ಕೆಲಸದಲ್ಲಿ ಮಾತ್ರ ಕೇಳಲೇಬೇಕು. ಪರವಾನಗಿ ಆಯಾ ರಾಜ್ಯ ಸರ್ಕಾರ 'ನೀಡಿದ್ದು ಅಥವಾ ಮಾನ್ಯ ಮಾಡಿದ್ದು' ಆಗಿರಬೇಕು ಎಂಬುದು ನಿಯಮದ ಮಾತು. ಕರ್ನಾಟಕದ ಪರವಾನಗಿ ಇದ್ದ ಮಾತ್ರಕ್ಕೆ ಮನೆ ಇರುವ ರಾಜ್ಯದ ಕಚೇರಿ ಅವರ ವರದಿಯನ್ನು ಒಪ್ಪಲೇಬೇಕೆಂದಿಲ್ಲ.

ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಎರಡು ಕೆಲಸ ಮಾಡಿ. ಗುತ್ತಿಗೆದಾರರ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಿರಿ, ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. ಅದನ್ನು ನಿಮ್ಮ ಸೆಕ್ಷನ್ ಆಫೀಸಿಗೆ ತೋರಿಸಿ, "ಇವರ ವರದಿ ನಡೆಯುತ್ತದೆಯೇ?" ಎಂದು ಕೇಳಿ. ಗೋಡೆ ಕೊರೆದು, ಪೈಪು ಹೂತು, ಗಾರೆ ಮೆತ್ತಿದ ಮೇಲೆ ವರದಿ ನಡೆಯುವುದಿಲ್ಲ ಎಂದು ತಿಳಿದರೆ ಹಣವೂ ಹೋಯಿತು, ಗೃಹಪ್ರವೇಶದ ಮುಹೂರ್ತವೂ ಹೋಯಿತು.

4. ವೈರಿಂಗ್ ಮಾಡಿಸುವಾಗ ನೋಡಿಕೊಳ್ಳಬೇಕಾದ್ದು

ಮನೆಯವರಿಗೆ ತಾಂತ್ರಿಕ ವಿಷಯ ಪೂರ್ತಿ ಗೊತ್ತಿರಬೇಕಿಲ್ಲ. ಈ ಕೆಲವು ಅಂಶ ಗೊತ್ತಿದ್ದರೆ ಸಾಕು.

ವೈರ್: ಲೈಟ್, ಫ್ಯಾನ್ ಲೈನಿಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರಿಗಿಂತ ಸಣ್ಣದು ಬೇಡ. 16 ಆಂಪಿಯರ್ ಪ್ಲಗ್ಗಿಗೆ 2.5 ಅಥವಾ 4, ಎ.ಸಿ.ಗೆ 4 ಹಾಕುವುದು ರೂಢಿ. ವೈರ್, ಸ್ವಿಚ್, ಪ್ಲಗ್, ಎಂಸಿಬಿ ಎಲ್ಲದರ ಮೇಲೂ ಐಎಸ್‌ಐ ಗುರುತು ಇರಲಿ. ಗುರುತಿನ ಜೊತೆ ಅಚ್ಚಾಗಿರುವ ಲೈಸೆನ್ಸ್ ಸಂಖ್ಯೆಯನ್ನು ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಲೈನ್ ಹಂಚಿಕೆ: ಒಂದು ಲೈಟ್ ಲೈನಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದು, ಒಂದು ಪವರ್ ಲೈನಿಗೆ ಎರಡಕ್ಕಿಂತ ಹೆಚ್ಚು ಪ್ಲಗ್ ಬೇಡ ಎಂಬುದು ಬಹುಕಾಲದ ಪದ್ಧತಿ. 2,000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಪ್ಲಗ್ ಕಾದು ಕರಗುವುದು ಲೆಕ್ಕದಲ್ಲೇ ಇದೆ, ಅದಕ್ಕೆ ಯಾರ ಕಣ್ಣೂ ತಾಗಬೇಕಿಲ್ಲ.

ಸ್ವಿಚ್: ಒಂಟಿ ಸ್ವಿಚ್ ಯಾವಾಗಲೂ ಫೇಸ್ ವೈರಿನಲ್ಲೇ ಇರಬೇಕು. ನ್ಯೂಟ್ರಲ್ ವೈರಿನಲ್ಲಿ ಬಿಡಿಯಾಗಿ ಫ್ಯೂಸ್ ಅಥವಾ ಸ್ವಿಚ್ ಹಾಕಬಾರದು. ಹಾಕಿದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಬಲ್ಬು ಬದಲಿಸಲು ಹೋದವರಿಗೆ ಷಾಕ್ ಹೊಡೆಯಲು ಇದೊಂದು ಸಾಮಾನ್ಯ ಕಾರಣ. ಬಚ್ಚಲುಮನೆಯ ಸ್ವಿಚ್‌ಗಳು ಬಾಗಿಲ ಹೊರಗಿರಲಿ.

ಹಳೆ ಮನೆ: ಮರದ ಪಟ್ಟಿಯ ಮೇಲೆ ಓಡಿಸಿದ ವೈರು, ಅಲ್ಯೂಮಿನಿಯಂ ವೈರು ಇರುವ ಮನೆಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಹಂಚಿನ ಮನೆಯ ಅಟ್ಟದಲ್ಲಿ ಇಲಿ ಕಡಿದ ವೈರು ಹೊರಗೆ ಕಾಣುವುದಿಲ್ಲ. ಆಗ ಎರಡೇ ಬಲ್ಬಿಗೆಂದು ಹಾಕಿದ ಲೈನಿಗೆ ಈಗ ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಸೇರಿಕೊಂಡಿರುತ್ತವೆ. ಇಂಥ ಮನೆಯಲ್ಲಿ ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದಪ್ಪ ತಂತಿ ಕಟ್ಟುವುದು ಪರಿಹಾರವಲ್ಲ. ಫ್ಯೂಸ್ ತನ್ನ ಕೆಲಸ ಮಾಡುತ್ತಿದೆ. ಅದರ ಬಾಯಿ ಕಟ್ಟಿದರೆ ಮುಂದೆ ಸುಡುವುದು ಗೋಡೆಯೊಳಗಿನ ವೈರು.

5. ಅರ್ಥಿಂಗ್ ಮತ್ತು ಆರ್‌ಸಿಸಿಬಿ: ಜೀವ ಉಳಿಸುವ ಜೋಡಿ

ಎಂಸಿಬಿ ಇದ್ದರೆ ಸಾಕು ಎಂದು ನಂಬಿದವರು ಬಹಳ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಯಿಂದ ಭೂಮಿಗೆ ಹರಿಯುವ ಅಲ್ಪ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ, ಆದರೆ ಜೀವ ತೆಗೆಯಲು ಅಷ್ಟೇ ಸಾಕು. ಅದನ್ನು ಗುರುತಿಸಿ ಕ್ಷಣದಲ್ಲಿ ಲೈನ್ ಕತ್ತರಿಸುವುದು ಆರ್‌ಸಿಸಿಬಿ. ಮನೆಗಳಲ್ಲಿ ಜೀವರಕ್ಷಣೆಗೆ ಬೇಕಾದದ್ದು 30 ಮಿಲಿ ಆಂಪಿಯರಿನದು. ಅಂಗಡಿಯಲ್ಲಿ 100, 300ರವೂ ಸಿಗುತ್ತವೆ. ಅವು ಬೆಂಕಿಯ ಅಪಾಯ ತಗ್ಗಿಸಲು ಇರುವವು, ಜೀವ ಕಾಯಲು ಸಾಲವು. ಸಾಧನದ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಲೈನ್ ಬೀಳದಿದ್ದರೆ ಸಾಧನ ಕೆಟ್ಟಿದೆ ಎಂದೇ ತಿಳಿಯಿರಿ.

ಆರ್‌ಸಿಸಿಬಿ ಇದ್ದರೂ ಅರ್ಥಿಂಗ್ ಬಿಡುವಂತಿಲ್ಲ. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಅರ್ಥಿಂಗ್‌ನದು. ಅದನ್ನು ಮುರಿದು ಎರಡು ಪಿನ್ನಿನ ತೂತಿಗೆ ಸಿಕ್ಕಿಸುವುದು, ಅರ್ಥಿಂಗ್ ಇಲ್ಲವೆಂದು ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಜೋಡಿಸುವುದು, ನೀರಿನ ಪೈಪಿಗೆ ಕಟ್ಟುವುದು, ಮೂರೂ ಅಪಾಯಕಾರಿ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಫ್ರಿಜ್ಜಿನ ಮೈಯೆಲ್ಲ ಕರೆಂಟ್ ಆಗುತ್ತದೆ. ಕಾಸರಗೋಡಿನ ಮುರಕಲ್ಲಿನ ನೆಲ, ಆದೋನಿ, ಸೊಲ್ಲಾಪುರ ಕಡೆಯ ಒಣ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ಸತ್ವ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿ. ಎರಡು ವರ್ಷಕ್ಕೊಮ್ಮೆ ಅಳತೆ ಮಾಡಿಸಿ. 5 ಓಮ್‌ಗಿಂತ ಕಡಿಮೆ ಬಂದರೆ ಸಮಾಧಾನ.

ವಯನಾಡು, ನೀಲಗಿರಿ, ತಾಳವಾಡಿ ಕಡೆಯ ರೈತ ಸದಸ್ಯರಿಗೆ ಒಂದು ಮಾತು. ಹಂದಿ, ಆನೆ ತಡೆಯಲು ಮನೆಯ ಲೈನಿನಿಂದ ಬೇಲಿಗೆ ನೇರ ಕರೆಂಟ್ ಕೊಡುವುದು ಅಪರಾಧ. ಪ್ರಾಣಿ ಸತ್ತರೂ ಮನುಷ್ಯ ಸತ್ತರೂ ಮೊಕದ್ದಮೆ ತಪ್ಪದು. ಮೈಗೆ ಪೆಟ್ಟು ಕೊಟ್ಟು ಓಡಿಸುವ, ಜೀವ ತೆಗೆಯದ ಸೋಲಾರ್ ಬೇಲಿ ಯಂತ್ರಗಳೇ ಬೇರೆ.

6. ಪರೀಕ್ಷಾ ವರದಿ ಮತ್ತು ಕನೆಕ್ಷನ್

ಕೆಲಸ ಮುಗಿದ ಮೇಲೆ ಗುತ್ತಿಗೆದಾರರು ಪರೀಕ್ಷಾ ವರದಿ ಕೊಡಬೇಕು. ಅದರ ಮುಖ್ಯ ಅಂಶ ಇನ್ಸುಲೇಷನ್ ಪರೀಕ್ಷೆ: 500 ವೋಲ್ಟ್ ಡಿ.ಸಿ. ಒಂದು ನಿಮಿಷ ಕೊಟ್ಟಾಗ ವೈರು ಮತ್ತು ಭೂಮಿಯ ನಡುವೆ ಕನಿಷ್ಠ 1 ಮೆಗಾ ಓಮ್ ಇರಬೇಕು. ಕಾಗದದ ಮೇಲೆ ಅಂಕಿ ತುಂಬಿಸಿ ಸಹಿ ಹಾಕಿಕೊಡುವುದೂ ನಡೆಯುತ್ತದೆ. ನಿಮ್ಮ ಎದುರೇ ಮೆಗ್ಗರ್ ಹಿಡಿದು ಪರೀಕ್ಷಿಸಲಿ. ಹತ್ತು ನಿಮಿಷದ ಕೆಲಸ.

ಹೊಸ ಕನೆಕ್ಷನ್ ಕೊಡಲು 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಗಡುವು ಹಾಕಿವೆ. 2024ರ ತಿದ್ದುಪಡಿಯ ಪ್ರಕಾರ ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ, ಗುಡ್ಡಗಾಡು ಹಳ್ಳಿಗಳಲ್ಲಿ 30 ದಿನ. ಅರ್ಜಿ ಎಲ್ಲ ದಾಖಲೆಗಳೊಡನೆ ಪೂರ್ಣವಾಗಿರಬೇಕು. ಹೊಸದಾಗಿ ಕಂಬ ನೆಡಬೇಕಾದರೆ ಹೆಚ್ಚು ಸಮಯ ಹಿಡಿಯುತ್ತದೆ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಚೀಟಿ ಇಲ್ಲದಿದ್ದರೆ ಗಡುವಿನ ಲೆಕ್ಕ ಶುರುವಾಗುವುದೇ ಇಲ್ಲ. ಕಚೇರಿಯಲ್ಲಿ ಜೀವಮಾನ ಕಳೆದ ನಮ್ಮಂಥವರು ಇದನ್ನು ಚೆನ್ನಾಗಿ ಬಲ್ಲೆವು.

ಮನೆಯ ಕನೆಕ್ಷನ್ನಿನಿಂದ ಅಂಗಡಿಗೆ, ಗಿರಣಿಗೆ ಲೈನ್ ಎಳೆದರೆ ಕಾಯ್ದೆಯ 126ನೇ ಕಲಂ ಪ್ರಕಾರ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ. ಎಂದಿನಿಂದ ಎಂದು ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುತ್ತಾರೆ. ಮನೆ ಕಟ್ಟುವ ಕೆಲಸಕ್ಕೆ ತಾತ್ಕಾಲಿಕ ಕನೆಕ್ಷನ್ ಬೇಕೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

7. ಮನೆ ತಂಪಾಗಿರಲು ಇರುವ ನಿಯಮ

ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರಿನಲ್ಲಿ ವಾಸದ ಕಟ್ಟಡಗಳಿಗಾಗಿ 'ಇಕೋ ನಿವಾಸ ಸಂಹಿತೆ' ಹೊರತಂದಿತು. ಅದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಕಟ್ಟಡಗಳಿಗೆ ಬರೆದದ್ದು, ಜಾರಿ ಮಾಡುವುದು ಆಯಾ ರಾಜ್ಯದ ಕೈಯಲ್ಲಿದೆ. ನಮ್ಮ ಬಹುಪಾಲು ಸದಸ್ಯರ 30–40 ಅಡಿಯ ನಿವೇಶನ ಸುಮಾರು 111 ಚದರ ಮೀಟರ್ ಮಾತ್ರ. ಆದ್ದರಿಂದ ಅವರಿಗೆ ಇದು ಕಡ್ಡಾಯವಲ್ಲ. ಆದರೆ ಅದರಲ್ಲಿರುವ ಅಳತೆಗಳು ಸಣ್ಣ ಮನೆಗೂ ಉಪಯುಕ್ತ.

ಗಾಳಿ: ತೆರೆಯಬಹುದಾದ ಕಿಟಕಿ, ಬಾಗಿಲು, ಗವಾಕ್ಷಿಯ ಒಟ್ಟು ವಿಸ್ತೀರ್ಣ ಒಳನೆಲದ ಎಷ್ಟು ಪಾಲು ಇರಬೇಕೆಂದು ಸಂಹಿತೆ ಹೇಳುತ್ತದೆ. ಕಾಸರಗೋಡು, ಗೋವಾದಂಥ ಸೆಕೆ ಮತ್ತು ತೇವದ ಪ್ರದೇಶದಲ್ಲಿ ಆರನೇ ಒಂದು ಪಾಲು. ಸೊಲ್ಲಾಪುರದಂಥ ಬಿಸಿ, ಒಣ ಪ್ರದೇಶದಲ್ಲಿ ಹತ್ತನೇ ಒಂದು. ಬೆಂಗಳೂರಿನಂಥ ಸಮಶೀತೋಷ್ಣ ಪ್ರದೇಶದಲ್ಲಿ ಎಂಟನೇ ಒಂದು, ಹೊಸೂರಿನವರು ಇದನ್ನೇ ಅನುಸರಿಸಬಹುದು. ಅಂದರೆ 600 ಚದರ ಅಡಿಯ ಒಳನೆಲಕ್ಕೆ ಕಾಸರಗೋಡಿನಲ್ಲಿ 100 ಚದರ ಅಡಿ, ಸೊಲ್ಲಾಪುರದಲ್ಲಿ 60, ಹೊಸೂರಿನಲ್ಲಿ 75. ಜಾರುವ ಕಿಟಕಿಯಲ್ಲಿ ತೆರೆಯುವ ಅರ್ಧ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಮಾಡು: ಮಾಡಿನ ಮೂಲಕ ಒಳಬರುವ ಶಾಖದ ಅಳತೆಗೆ ಸಂಹಿತೆ 1.2 ಎಂಬ ಮಿತಿ ಇಟ್ಟಿದೆ. ಬರೀ ಕಾಂಕ್ರೀಟ್ ತಾರಸಿಯಲ್ಲಿ ಅದು ಸುಮಾರು ಮೂರು ಪಟ್ಟು. ಅಕ್ಕಲಕೋಟೆ, ಆದೋನಿ ಕಡೆ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದ ವರ್ಷದಿಂದಲೇ ಮಧ್ಯಾಹ್ನ ಒಳಗೆ ಮಲಗಲಾಗುವುದಿಲ್ಲ ಎಂದು ಹಿರಿಯರು ಹೇಳುವುದು ಸುಮ್ಮನಲ್ಲ. ತಾರಸಿಯ ಮೇಲೆ ಶಾಖ ತಡೆಯುವ ಹಲಗೆ, ಅದರ ಮೇಲೆ ಗಾರೆ ಮತ್ತು ಬಿಳಿ ಹಂಚು ಹಾಕಿಸುವುದು ಒಳ್ಳೆಯ ದಾರಿ. ಅಷ್ಟು ಖರ್ಚಾಗದವರು ಬೇಸಿಗೆಗೆ ಮುಂಚೆ ಬಿಳಿ ಸುಣ್ಣವನ್ನೋ ಬಿಸಿಲು ತಡೆಯುವ ಬಿಳಿ ಬಣ್ಣವನ್ನೋ ಬಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಡಿನ ನೀತಿ ತಂದು, 600 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನದ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದೆ. ಅಲ್ಲಿನ ಸದಸ್ಯರು ನಕ್ಷೆ ಕೊಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಪಶ್ಚಿಮದ ಗೋಡೆಗೆ ದೊಡ್ಡ ಗಾಜು ಬೇಡ. ಕಿಟಕಿಯ ಮೇಲೆ ಸಜ್ಜೆ ಇರಲಿ. ಇವೆರಡಕ್ಕೆ ಹೆಚ್ಚಿನ ಖರ್ಚಿಲ್ಲ, ನಕ್ಷೆ ಬರೆಸುವಾಗ ನೆನಪಿರಬೇಕು ಅಷ್ಟೆ.

8. ಸ್ಟಾರ್ ಗುರುತು ಮತ್ತು ಬಿಲ್ಲು

2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಗುರುತು ಕಡ್ಡಾಯ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ತಾಸು, ವರ್ಷಕ್ಕೆ 300 ದಿನ ಓಡಿದರೆ ಒಂದು ಫ್ಯಾನಿನಿಂದ 162 ಯೂನಿಟ್ ಉಳಿತಾಯ. ನಮ್ಮ ರಾಜ್ಯಗಳಲ್ಲಿ ಗೃಹಬಳಕೆಯ ದರ ಯೂನಿಟ್ ಹೆಚ್ಚಿದಂತೆ ಏರುತ್ತದೆ. ಆದ್ದರಿಂದ ಉಳಿದ ಯೂನಿಟ್ ಬಿಲ್ಲಿನ ಅತಿ ದುಬಾರಿ ಭಾಗದಿಂದಲೇ ಕಡಿಮೆಯಾಗುತ್ತದೆ. 60 ವ್ಯಾಟ್‌ನ ಹಳೆ ಬಲ್ಬಿನ ಬೆಳಕನ್ನು 9 ವ್ಯಾಟ್ ಎಲ್‌ಇಡಿ ಕೊಡುತ್ತದೆ. ಎ.ಸಿ. ಇರುವವರು 24 ಡಿಗ್ರಿಯಲ್ಲಿಟ್ಟು ಫ್ಯಾನ್ ಹಾಕಿಕೊಳ್ಳಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

9. ಸೋಲಾರ್, ಇನ್ವರ್ಟರ್, ಜನರೇಟರ್

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ತಾರಸಿ ಬೇಕು. ನೋಂದಾಯಿತ ಮಾರಾಟಗಾರರಿಂದ ಹಾಕಿಸಿದರೆ ಮಾತ್ರ ಸಹಾಯಧನ. ಹಣ ಬರುವುದು ಕೆಲಸ ಮುಗಿದು ಪರಿಶೀಲನೆಯಾದ ಮೇಲೆ, ನಿಮ್ಮ ಖಾತೆಗೆ. "ಸಹಾಯಧನ ಕೊಡಿಸುತ್ತೇವೆ, ಮುಂಗಡ ಕೊಡಿ" ಎಂದು ಫೋನ್ ಮಾಡುವವರನ್ನು ನಂಬಬೇಡಿ.

ಜನರೇಟರ್ ಇರುವವರು ಚೇಂಜ್‌ಓವರ್ ಸ್ವಿಚ್ ಹಾಕಿಸಲೇಬೇಕು. ಇಲ್ಲದಿದ್ದರೆ ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು ಕಂಬಕ್ಕೆ ಹೋಗುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೆಳಗೆ ಬೀಳುತ್ತಾನೆ. ಅವನೂ ಯಾರದೋ ಮನೆಯ ದುಡಿಯುವ ಮಗ.

10. ದೂರು: ಕನ್ನಡದಲ್ಲೇ ಕೊಡಬಹುದು

ಮೊದಲು ಸೆಕ್ಷನ್ ಆಫೀಸು ಅಥವಾ ಬಹುತೇಕ ಕಡೆ ನಡೆಯುವ 1912 ಸಂಖ್ಯೆ. ಅಲ್ಲಿ ಆಗದಿದ್ದರೆ ವಿದ್ಯುತ್ ಕಾಯ್ದೆಯ 42ನೇ ಕಲಮಿನಡಿ ಪ್ರತಿ ವಿತರಣಾ ಸಂಸ್ಥೆಯಲ್ಲೂ ಇರಬೇಕಾದ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ. ಅದರ ಮೇಲೆ ಓಂಬುಡ್ಸ್‌ಮನ್. ಮೀಟರ್ ಹೆಚ್ಚು ಓಡುತ್ತಿದೆ ಎಂದು ದೂರಿದರೆ 5 ದಿನದೊಳಗೆ ಇನ್ನೊಂದು ಮೀಟರ್ ಜೋಡಿಸಿ, ಕನಿಷ್ಠ 3 ತಿಂಗಳು ಹೋಲಿಸಿ ನೋಡಬೇಕು ಎಂದು 2024ರ ತಿದ್ದುಪಡಿ ಹೇಳುತ್ತದೆ.

ಭಾಷೆಯ ಅಂಜಿಕೆಯಿಂದ ದೂರು ಕೊಡದೆ ಸುಮ್ಮನಿರುವ ಸದಸ್ಯರು ಇದ್ದಾರೆಂದು ನಮಗೆ ಗೊತ್ತು. ಸಂವಿಧಾನದ 350ನೇ ವಿಧಿ ನೆನಪಿಟ್ಟುಕೊಳ್ಳಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ತಲೆಮಾರುಗಳಿಂದ ಕನ್ನಡ ಆಡುವ ನಮ್ಮ ಊರುಗಳಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರೂ ಹೇಳಲಾರರು. ಕನ್ನಡದಲ್ಲಿ ಬರೆದು, ಬೇಗ ಆಗಲೆಂದು ರಾಜ್ಯಭಾಷೆಯ ಒಂದು ಅನುವಾದ ಲಗತ್ತಿಸಿದರೆ ಇನ್ನೂ ಒಳ್ಳೆಯದು. ಬಿಲ್ಲು ಓದಲು ಕೆಲವು ಪದಗಳು: ಮರಾಠಿ ಬಿಲ್ಲಿನ 'ಮಂಜೂರ್ ಭಾರ' ಅಂದರೆ ಮಂಜೂರಾದ ಲೋಡ್, 'ವೀಜ ಜೋಡಣಿ' ಅಂದರೆ ಕನೆಕ್ಷನ್. ತಮಿಳಿನ 'ಮಿನ್ ಇಣೈಪ್ಪು' ಕನೆಕ್ಷನ್, 'ಮಿನ್ ಕಟ್ಟಣಂ' ವಿದ್ಯುತ್ ಶುಲ್ಕ. ಮಲಯಾಳದ 'ವೈದ್ಯುತಿ' ನಮ್ಮ ವಿದ್ಯುತ್ತೇ.

ಕಡತದಲ್ಲಿ ಇರಬೇಕಾದವು

ಗುತ್ತಿಗೆದಾರರ ಪರವಾನಗಿ ಪ್ರತಿ, ಪರೀಕ್ಷಾ ವರದಿ, ಕನೆಕ್ಷನ್ ಅರ್ಜಿಯ ಸ್ವೀಕೃತಿ, ವೈರ್ ಮತ್ತು ಆರ್‌ಸಿಸಿಬಿ ಕೊಂಡ ಬಿಲ್ಲು, ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ ಎಂದು ಗಾರೆಗೆ ಮೊದಲೇ ತೆಗೆದ ಫೋಟೋ. ಈ ಐದೂ ಒಂದು ಕಡತದಲ್ಲಿದ್ದರೆ ಮುಂದೆ ಮಕ್ಕಳು ಮನೆ ರಿಪೇರಿ ಮಾಡಿಸುವಾಗ ನಿಮ್ಮನ್ನು ನೆನೆಯುತ್ತಾರೆ.

ಸದಸ್ಯರಲ್ಲಿ ಪರವಾನಗಿ ಪಡೆದ ಗುತ್ತಿಗೆದಾರರು, ವೈರ್‌ಮನ್‌ಗಳು ಇದ್ದರೆ ಯಾವ ರಾಜ್ಯದ ಪರವಾನಗಿ ಎಂಬ ವಿವರದೊಡನೆ ತಮ್ಮ ಊರಿನ ಶಾಖೆಗೆ ಹೆಸರು ಕೊಡಬೇಕಾಗಿ ಕೋರುತ್ತೇವೆ. ಊರುವಾರು ಪಟ್ಟಿ ಮಾಡಿಟ್ಟರೆ ಕನ್ನಡದಲ್ಲಿ ಮಾತಾಡಿ ಕೆಲಸ ಮಾಡಿಸಿಕೊಳ್ಳುವವರಿಗೂ, ಕೆಲಸ ಹುಡುಕುವವರಿಗೂ ಅನುಕೂಲ. ಮಳೆಗಾಲಕ್ಕೆ ಮುಂಚೆ ಒಮ್ಮೆ ಎಲ್ಲರೂ ಆರ್‌ಸಿಸಿಬಿಯ ಗುಂಡಿ ಒತ್ತಿ ನೋಡಿ. ಅದು ಇಲ್ಲದ ಮನೆಯವರು ಈ ವರ್ಷವೇ ಹಾಕಿಸಿ.

ಇತಿ,
ಕಾರ್ಯದರ್ಶಿ